ಬಾಲು ಮೊದಲು ಬೋರಕ್ಕನಿಗೆ

ಚಳ್ಳಕೆರೆಯ ಮುರುಗೇಂದ್ರಪ್ಪನವರು ಐವತ್ತೆರಡು ವರ್ಷದ ತಮ್ಮ ಜೀವನದಲ್ಲಿ ಬ್ಯಾಸ್ಕೆಟ್‌ಬಾಲನ್ನು ಕೈಯಲ್ಲಿ ಹಿಡಿದದ್ದು ಒಟ್ಟು ಹನ್ನೆರಡು ನಿಮಿಷ. ಅದೂ ಕಾಲೇಜಿಗೆ ಬಂದಿದ್ದ ಫೋಟೋದವನು ಬೆಳಕು ಸರಿಮಾಡಿಕೊಳ್ಳುವವರೆಗೆ. ಅಂದು ತಂಡದ ಐದನೆಯ ಹುಡುಗನಿಗೆ ಟೈಫಾಯ್ಡ್. ನಾಲ್ಕೇ ಜನ ನಿಂತರೆ ಪ್ರಿನ್ಸಿಪಾಲರು ಬೈಯುತ್ತಾರೆಂದು, ಕ್ಯಾಂಟೀನಿನ ಕಡೆ ಹೊರಟಿದ್ದ ಮುರುಗೇಂದ್ರಪ್ಪನವರನ್ನು ಕರೆದು, ಜ್ವರದವನ ಬನಿಯನ್ನು ತೊಡಿಸಿ, ಬಾಲು ಕೊಟ್ಟು ನಡುವೆ ನಿಲ್ಲಿಸಿದರು. ಆ ಫೋಟೋ ಅವರ ಶೇಂಗಾ ಎಣ್ಣೆ ಮಿಲ್ಲಿನ ಆಫೀಸಿನಲ್ಲಿ ಮೂವತ್ತೊಂದು ವರ್ಷದಿಂದ ತೂಗುತ್ತಿತ್ತು.

ಅವರು ಸುಳ್ಳು ಹೇಳುವ ಮನುಷ್ಯರಲ್ಲ. ಯಾರಾದರೂ ಫೋಟೋ ನೋಡಿ, "ಭಾರೀ ಆಡ್ತಿದ್ರಿ ಅಂತ ಕಾಣ್ತದೆ" ಎಂದರೆ, "ಆ ಕಾಲ ಹೋಯ್ತು ಬಿಡ್ರಿ" ಎನ್ನುತ್ತಿದ್ದರು. ಇದರಲ್ಲಿ ಸುಳ್ಳೇನಿದೆ? ಆ ಕಾಲ ಹೋಗಿಯೇ ಇತ್ತು.

ಈ ಒಂದು ಮಾತನ್ನು ನಂಬಿ ಊರು ಕೆಟ್ಟಿತೆಂದು ಹೇಳಲಾರೆ. ಊರಿಗೆ ಏನೂ ಆಗಲಿಲ್ಲ. ಕೆಟ್ಟದ್ದು ಒಬ್ಬ ಹುಡುಗಿಯ ಪಾಲಿನದು.

ಚಳ್ಳಕೆರೆಯಲ್ಲಿ ಮಹಿಳೆಯರ ಬ್ಯಾಸ್ಕೆಟ್‌ಬಾಲ್ ತಂಡವನ್ನು ಕಟ್ಟಿ ಬೆಳೆಸಿದವರು ನಿವೃತ್ತ ಪಿ.ಟಿ. ಮೇಷ್ಟ್ರು ಬೊಮ್ಮಲಿಂಗಪ್ಪ. ಟೂರ್ನಮೆಂಟಿಗೆ ಒಂದು ತಿಂಗಳಿದೆ ಎನ್ನುವಾಗ ಅವರ ಮೊಣಕಾಲು ಕೈಕೊಟ್ಟಿತು. ಆಪರೇಷನ್ನಿಗೆಂದು ದಾವಣಗೆರೆಗೆ ಹೋದವರು ಅಲ್ಲೇ ಉಳಿದರು. ತಂಡಕ್ಕೆ ಜರ್ಸಿ ಕೊಡಿಸಿದವರು ಇವರೇ ಎಂದೂ, ಇವರ ಮಗಳು ದೀಪಿಕಾ ತಂಡದಲ್ಲಿದ್ದಾಳೆಂದೂ ನಾಲ್ಕು ಜನ ಹಿರಿಯರು ಮುರುಗೇಂದ್ರಪ್ಪನವರ ಮಿಲ್ಲಿನಲ್ಲಿ ಸೇರಿ, ಮುಂದೇನು ಎಂದು ಯೋಚಿಸುತ್ತ ಕುಳಿತರು. ಯೋಚಿಸುವವರ ಕಣ್ಣು ಗೋಡೆಯ ಮೇಲೆ ಹೋಗುವುದು ಸಹಜ.

"ಕೋಚ್ ಇಲ್ಲೇ ಕುಂತವ್ರಲ್ರೀ" ಎಂದರು ಅವರ ಭಾವಮೈದುನ, ಔಷಧಿ ಅಂಗಡಿಯ ಜಯದೇವಪ್ಪ.

ಮುರುಗೇಂದ್ರಪ್ಪನವರು "ಬೇಡ" ಎನ್ನಲೆಂದೇ ಬಾಯಿ ತೆರೆದರು. ಬಾಯಿಂದ ಬಂದದ್ದು "ಬೆಳಿಗ್ಗೆ ಎಷ್ಟು ಗಂಟೆಗೆ?" ಎಂಬ ಮಾತು.

ಆ ತಂಡದ ಜೀವ ಬೋರಕ್ಕ. ನನ್ನಿವಾಳದ ಕಡೆಯ ಒಂದು ಹಟ್ಟಿಯವಳು. ಆರಡಿ ಎರಡಂಗುಲ ಎತ್ತರ. ಏಳನೆಯ ಕ್ಲಾಸಿನಲ್ಲಿದ್ದಾಗ ಶಾಲೆಯ ಹಂಚಿನ ಮೇಲೆ ಸಿಕ್ಕಿಕೊಂಡ ಬಾಲನ್ನು ಒಂದು ಕುರ್ಚಿ ಹತ್ತಿ ತೆಗೆದುಕೊಟ್ಟಳೆಂದೂ, ಅಂದೇ ಬೊಮ್ಮಲಿಂಗಪ್ಪನವರು ಅವಳನ್ನು ಗುರುತು ಮಾಡಿಕೊಂಡರೆಂದೂ ಹೇಳುತ್ತಾರೆ. ಡಿಗ್ರಿ ಮುಗಿಸಿದ್ದಳು. ತಾಯಿ ಜುಂಜಮ್ಮನ ಜೊತೆ ಕುರಿ ನೋಡಿಕೊಳ್ಳುತ್ತ, ವಾರಕ್ಕೆ ಐದು ದಿನ ಮೊದಲ ಬಸ್ಸು ಹಿಡಿದು ಅಭ್ಯಾಸಕ್ಕೆ ಬರುತ್ತಿದ್ದಳು. ಟೂರ್ನಮೆಂಟಿನ ಫೈನಲ್ಲಿಗೆ ಸರ್ಕಾರಿ ಇಲಾಖೆಯೊಂದರ ಮಹಿಳಾ ತಂಡಕ್ಕೆ ಆಟಗಾರ್ತಿಯನ್ನು ಆರಿಸಲು ಅಧಿಕಾರಿ ಬರುವವರಿದ್ದರು. ಒಂದೇ ಜಾಗ, ಖಾಯಂ ಕೆಲಸ. ಇಪ್ಪತ್ತೈದು ತುಂಬಿದವರ ಅರ್ಜಿಯನ್ನು ಅವರು ತೆಗೆದುಕೊಳ್ಳುತ್ತಿರಲಿಲ್ಲ. ಬೋರಕ್ಕನಿಗೆ ಸೆಪ್ಟೆಂಬರಿಗೆ ಇಪ್ಪತ್ತೈದು ತುಂಬುತ್ತಿತ್ತು.

ಮೊದಲ ದಿನ ಮುರುಗೇಂದ್ರಪ್ಪನವರು ಕೊರಳಲ್ಲಿ ಸೀಟಿ ಹಾಕಿಕೊಂಡು ಮೈದಾನಕ್ಕೆ ಬಂದರು. ಒಬ್ಬೊಬ್ಬಳನ್ನೇ ಕರೆದು ವಿಚಾರಿಸಿದರು. ಬೋರಕ್ಕನ ಮುಖ ನೋಡಲು ಕತ್ತೆತ್ತಬೇಕಾಯಿತು.

"ನೀನು ಏನು ಆಡ್ತೀಯಮ್ಮ?"

"ಸೆಂಟರ್ ಸಾರ್."

"ಮತ್ತೆ ಇಲ್ಲಿ ಯಾಕೆ ನಿಂತೀಯ? ಸೆಂಟರ್‌ನಾಗೆ ನಿಲ್ಲು ಹೋಗು."

ಬೋರಕ್ಕ ಒಮ್ಮೆ ರಿಂಗಿನ ಕಡೆ ನೋಡಿದಳು, ಒಮ್ಮೆ ಅಂಕಣದ ನಟ್ಟನಡುವೆ ಸುಣ್ಣದಲ್ಲಿ ಬರೆದ ವೃತ್ತವನ್ನು ನೋಡಿದಳು, ಕೊನೆಗೆ ಇವರನ್ನು ನೋಡಿದಳು. ಹಿರಿಯರು ಹೇಳಿದ್ದಾರೆ. ಹೋಗಿ ವೃತ್ತದಲ್ಲಿ ನಿಂತಳು.

"ಅಪ್ಪಾ, ಅದು..." ಎಂದಳು ದೀಪಿಕಾ.

"ಇಲ್ಲಿ ಅಪ್ಪ ಅಲ್ಲ. ಸಾರ್."

"ಸಾರ್, ಅದು..."

"ಮೊದ್ಲು ಶಿಸ್ತು ಕಲೀರಿ. ಆಟ ತಾನಾಗೇ ಬರ್ತದೆ."

ಆ ವಾರ ಊರಿನ ಕಾಲೇಜು ಹುಡುಗಿಯರ ಜೊತೆ ಒಂದು ಅಭ್ಯಾಸದ ಪಂದ್ಯವಾಯಿತು. ಜಿಲ್ಲೆಯಲ್ಲೇ ಅತಿ ಎತ್ತರದ ಆಟಗಾರ್ತಿ ಎರಡು ರಿಂಗುಗಳಿಂದಲೂ ಸಮಾನ ದೂರದಲ್ಲಿ, ಯಾರಿಗೂ ತೊಂದರೆ ಕೊಡದೆ ನಿಂತಿದ್ದಳು. ಚಳ್ಳಕೆರೆ ತಂಡ ಎಂಟಕ್ಕೆ ಮೂವತ್ತೊಂದರಿಂದ ಸೋತಿತು.

ಮೈದಾನದ ಪಕ್ಕದಲ್ಲಿ ಟೀ ಮಾರುವ ಹನುಮಂತರಾಯ ಆಟ ಮುಗಿದ ಮೇಲೂ ಲೋಟ ತೊಳೆಯದೆ ನಿಂತಿದ್ದ. "ಅಷ್ಟು ಉದ್ದದ ಹುಡುಗೀನ ಲೈಟ್ ಕಂಬ ನೆಟ್ಟಂಗೆ ನಡುವೆ ನೆಟ್ಟವ್ರಲ್ಲ, ಯಾಕಂತೆ?" ಎಂದು ಕೇಳಿದ.

"ಅದು ಹೊಸಾ ಪದ್ಧತಿ ಕಣಯ್ಯ, ನಿಂಗೆ ತಿಳಿಯಲ್ಲ" ಎಂದರು ಜಯದೇವಪ್ಪ. ತಮಗೂ ತಿಳಿದಿರಲಿಲ್ಲವಾದ್ದರಿಂದ ಅಲ್ಲಿ ನಿಲ್ಲದೆ ಅಂಗಡಿಗೆ ಹೋದರು.

ಮನೆಯಲ್ಲಿ ಹೆಂಡತಿ ಮಂಜುಳಮ್ಮ ರೊಟ್ಟಿ ಹಾಕುತ್ತ, "ಸೋತ್ರಂತೆ" ಎಂದರು.

"ಸೋತಿಲ್ಲ. ಪರೀಕ್ಷೆ ಮಾಡಿ ನೋಡಿದ್ವಿ."

ದೀಪಿಕಾ ತಟ್ಟೆಯಿಂದ ಮುಖ ಎತ್ತದೆ, "ಸೆಂಟರ್ ಅಂದ್ರೆ ರಿಂಗಿನ ಹತ್ರ ಆಡೋರು ಅಪ್ಪಾ. ಅದು ಜಾಗದ ಹೆಸ್ರಲ್ಲ, ಕೆಲಸದ ಹೆಸ್ರು" ಎಂದಳು.

ಮುರುಗೇಂದ್ರಪ್ಪನವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟರು. ಬಳಿಕ ಗಂಭೀರವಾಗಿ ಹೇಳಿದರು: "ನಂಗೆ ಗೊತ್ತಿಲ್ವಾ? ನಿಮ್ಗೆ ಗೊತ್ತೈತೋ ಇಲ್ವೋ ಅಂತ ನೋಡಿದ್ದು. ಒಂದು ವಾರ ಆದ್ರೂ ಒಬ್ರೂ ಬಾಯಿ ಬಿಡ್ಲಿಲ್ಲ."

ಮಾರನೆಯ ಬೆಳಿಗ್ಗೆ ಮಿಲ್ಲಿನ ಹಿಂದಿನ ಗೋಡೌನಿಗೆ ಹೋಗಿ, ಬಾಗಿಲು ಹಾಕಿಕೊಂಡು, ದಾವಣಗೆರೆಗೆ ಫೋನ್ ಮಾಡಿದರು. ಬೊಮ್ಮಲಿಂಗಪ್ಪನವರ ದನಿ ನೋವಿನಲ್ಲಿತ್ತು.

"ಮುರುಗೇಂದ್ರಪ್ನೋರೆ, ಒಂದೇ ಮಾತು ನೆನಪಿಟ್ಕೊಳ್ರಿ. ಬೋರಕ್ಕನಂಥ ಸೆಂಟರ್ ಇಟ್ಕೊಂಡು ಬಳಸ್ಕೊಳ್ಳದೇ ಹೋದ್ರೆ ಪಾಪ ಬರ್ತದೆ. ಬಾಲ್ ಮೊದ್ಲು ಬೋರಕ್ಕಂಗೆ ಹೋಗ್ಬೇಕು. ಪ್ರತೀ ಸಲ. ಆಮೇಲೆ..."

ಅಷ್ಟರಲ್ಲಿ ಮೊಣಕಾಲು ಮಡಿಸುವ ವ್ಯಾಯಾಮ ಮಾಡಿಸುವವರು ಬಂದಿರಬೇಕು. "ಅಯ್ಯಯ್ಯಪ್ಪಾ" ಎಂಬ ದೊಡ್ಡ ಕೂಗು ಕೇಳಿ ಫೋನ್ ಕಟ್ಟಾಯಿತು.

ಮುರುಗೇಂದ್ರಪ್ಪನವರು ಜೇಬಿನ ಡೈರಿ ತೆಗೆದು, "ಬಾಲು ಮೊದಲು ಬೋರಕ್ಕನಿಗೆ" ಎಂದು ಬರೆದರು. ಅದರ ಕೆಳಗೆ "ಆಮೇಲೆ" ಎಂದು ಬರೆದು ಜಾಗ ಬಿಟ್ಟರು. ನಾಳೆ ಕೇಳಿದರಾಯಿತು ಎಂದುಕೊಂಡರು. ನಾಳೆ ಎರಡು ಲಾರಿ ಶೇಂಗಾ ಬಂತು. ನಾಳಿದ್ದು ನೆಂಟರು ಬಂದರು. ಬ್ಯಾಸ್ಕೆಟ್‌ಬಾಲಿನ ವಿದ್ಯೆಯೆಲ್ಲ ಆ "ಆಮೇಲೆ"ಯಲ್ಲಿತ್ತು ಎಂಬುದು ತಿಳಿಯದೆ, ಅವರು ಉಳಿದರ್ಧವನ್ನು ಹಿಡಿದು ಮೈದಾನಕ್ಕಿಳಿದರು.

"ಇವತ್ತಿಂದ ಒಂದೇ ಕಾನೂನು" ಎಂದರು. "ಬಾಲ್ ಬೋರಕ್ಕಂಗೆ. ಬೋರಕ್ಕನೇ ಹಾಕ್ಬೇಕು. ಬೇರೆ ಯಾರೂ ರಿಂಗಿಗೆ ಎಸೆಯಂಗಿಲ್ಲ."

ವಾಣಿಶ್ರೀ ಎಂಬ ಹುಡುಗಿ ಕೈ ಎತ್ತಿದಳು. "ಸಾರ್, ಬೋರಕ್ಕ ನಂಗೆ ಪಾಸ್ ಕೊಟ್ರೆ?"

"ವಾಪಸ್ ಕೊಡು."

"ಅವಳು ಮತ್ತೆ ಕೊಟ್ರೆ?"

"ಮತ್ತೆ ವಾಪಸ್ ಕೊಡು. ನಿಂಗೆ ಎಷ್ಟು ಸಲ ಹೇಳ್ಬೇಕು?"

ಟೂರ್ನಮೆಂಟಿನ ಮೊದಲ ಪಂದ್ಯದಲ್ಲಿ ಬೋರಕ್ಕನನ್ನು ರಿಂಗಿನ ಕೆಳಗೆ ನಿಲ್ಲಿಸಿ, ಅಲ್ಲಿಂದ ಕದಲಬೇಡವೆಂದು ಅಪ್ಪಣೆ ಮಾಡಿದರು. ರೆಫ್ರಿ ಸೀಟಿ ಊದಿ ಮೂರು ಬೆರಳು ತೋರಿಸಿದ. ಎರಡು ನಿಮಿಷದಲ್ಲಿ ಮತ್ತೆ ಸೀಟಿ, ಮತ್ತೆ ಮೂರು ಬೆರಳು. ಮೂರನೆಯ ಸಲ ಮುರುಗೇಂದ್ರಪ್ಪನವರು ಪಂಚೆಯ ತುದಿ ಹಿಡಿದು ಅಂಕಣದೊಳಕ್ಕೇ ನಡೆದರು.

"ಏನ್ರೀ ಅದು, ಮೂರು ಮೂರು ಅಂತ?"

"ರಿಂಗಿನ ಮುಂದಿನ ಪಟ್ಟೇಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಂಗಿಲ್ಲ ಸಾರ್. ರೂಲ್ಸು."

"ಬಸ್‌ಸ್ಟ್ಯಾಂಡಿನಾಗೆ ಅರ್ಧ ಗಂಟೆ ನಿಂತ್ರೂ ಯಾರೂ ಕೇಳಲ್ಲ. ನಮ್ಮ ಹುಡುಗಿ ನಿಂತ್ರೆ ನಿಮಗೇನ್ರಿ ಕಷ್ಟ?"

ರೆಫ್ರಿ ಅವರನ್ನು ಹೊರಗೆ ಕಳಿಸಿದ. ಬೋರಕ್ಕ ಮಾತ್ರ ಎರಡು ಸೆಕೆಂಡು ಒಳಗಿದ್ದು, ಹೊರಗೆ ಬಂದು, ಮತ್ತೆ ಒಳಹೋಗುವುದನ್ನು ಯಾರೂ ಹೇಳದೆಯೇ ಶುರುಮಾಡಿದಳು. ಎದುರಿನವರು ಅವಳ ಭುಜದವರೆಗೂ ಬರುತ್ತಿರಲಿಲ್ಲ. ಇಪ್ಪತ್ತೆರಡಕ್ಕೆ ನಲವತ್ತು. ಚಳ್ಳಕೆರೆ ಗೆದ್ದಿತು. ನಲವತ್ತೂ ಪಾಯಿಂಟು ಬೋರಕ್ಕನವೇ. ಸೆಮಿಫೈನಲ್ಲಿನಲ್ಲೂ ಹಾಗೆಯೇ.

ಎರಡು ಗೆಲುವು ಮನುಷ್ಯನನ್ನು ಏನು ಮಾಡಬಹುದೆಂದು ಊರು ಕಣ್ಣಾರೆ ಕಂಡಿತು. ಮುರುಗೇಂದ್ರಪ್ಪನವರು "ನಮ್ಮ ಕಾಲದಲ್ಲಿ" ಎಂದು ಮಾತು ಆರಂಭಿಸತೊಡಗಿದರು. ಕಬಡ್ಡಿಯವರು ಅವರ ಸಲಹೆ ಕೇಳಿದರು, ಕೊಟ್ಟರು. ವಾಲಿಬಾಲಿನವರು ಕೇಳಲಿಲ್ಲ, ಅವರಿಗೂ ಕೊಟ್ಟರು. ಹನುಮಂತರಾಯ ಅವರ ಟೀ ಲೋಟವನ್ನು ಎರಡು ಸಲ ತೊಳೆಯತೊಡಗಿದ.

ಫೈನಲ್ ಮೊಳಕಾಲ್ಮೂರಿನಲ್ಲಿ, ಮೊಳಕಾಲ್ಮೂರಿನ ತಂಡದ ಮೇಲೆ. ಅದಕ್ಕೆ ಮೂರು ದಿನ ಮೊದಲು, ಅಭ್ಯಾಸವಿಲ್ಲದ ದಿನ, ಬೋರಕ್ಕ ಬಸ್ಸು ಹಿಡಿದು ಮಿಲ್ಲಿಗೆ ಬಂದಳು. ಆಫೀಸಿನಲ್ಲಿ ಮೂರು ಜನ ವ್ಯಾಪಾರಸ್ಥರಿದ್ದರು. ಮುರುಗೇಂದ್ರಪ್ಪನವರು ಅವರಿಗೆ ಆ ಫೋಟೋದ ಕಥೆಯನ್ನು, ಟೈಫಾಯ್ಡಿನ ಭಾಗವನ್ನು ಬಿಟ್ಟು, ಹೇಳುತ್ತಿದ್ದರು. ಬೋರಕ್ಕ ಬಾಗಿಲಿನ ಚೌಕಟ್ಟಿಗೆ ತಲೆ ತಗ್ಗಿಸಿ ಒಳಗೆ ಬಂದು ನಿಂತಳು.

"ಸಾರ್, ಒಂದು ಮಾತು ಹೇಳ್ಬೇಕಿತ್ತು."

"ಹೇಳಮ್ಮ."

"ಮೊಳಕಾಲ್ಮೂರಿನೋರು ನಮ್ಮ ಸೆಮಿಫೈನಲ್ ನೋಡ್ಕೊಂಡು ಹೋಗವ್ರೆ ಸಾರ್. ಮೂರು ಜನ ನನ್ನ ಮೇಲೆ ಬರ್ತಾರೆ. ಆವಾಗ..."

"ಬರ್ಲಿ ಬಿಡಮ್ಮ. ಮೂರು ಜನಾನ ಒಬ್ಬರ ಮೇಲೊಬ್ಬರು ನಿಲ್ಲಿಸಿದ್ರೂ ನಿನ್ನಷ್ಟು ಉದ್ದ ಆಗಲ್ಲ."

ವ್ಯಾಪಾರಸ್ಥರು ನಕ್ಕರು. ನಕ್ಕವರನ್ನು ನೋಡಿ ಮುರುಗೇಂದ್ರಪ್ಪನವರೂ ನಕ್ಕರು.

"ಅದಲ್ಲ ಸಾರ್, ಮಿಕ್ಕಿದೋರು..."

"ಕಾಫಿ ಕುಡಿ. ನೀನು ಬಾಲ್ ಹಿಡಿ, ಹಾಕು. ಯೋಚನೆ ಮಾಡಾಕೆ ನಾನಿದೀನಿ."

ಬೋರಕ್ಕ ನಿಂತೇ ಕಾಫಿ ಕುಡಿದಳು. ಲೋಟವನ್ನು ಕಿಟಕಿಯಲ್ಲಿಟ್ಟು, "ಕಾಫಿ ಚೆನ್ನಾಗಿತ್ತು ಸಾರ್, ಬರ್ತೀನಿ" ಎಂದು ಹೋದಳು. ಮುಂದೆ ಎಷ್ಟೋ ದಿನ ಮುರುಗೇಂದ್ರಪ್ಪನವರಿಗೆ ಕಾಫಿ ಎಂದರೆ ಆ ಮಾತೇ ಕೇಳಿಸುತ್ತಿತ್ತು. ಆದರೆ ಅಂದು ಕೇಳಿಸಲಿಲ್ಲ.

ಭಾನುವಾರ ಟೆಂಪೋ ಮಾಡಿಕೊಂಡು ಮೊಳಕಾಲ್ಮೂರಿಗೆ ಹೋದರು. ಅಲ್ಲಿಯ ತಂಡದ ಉಸ್ತುವಾರಿ ರೇಷ್ಮೆ ಸೀರೆ ವ್ಯಾಪಾರದ ರಾಜಣ್ಣ. ಅರ್ಧ ಮಾತು ಕನ್ನಡ, ಅರ್ಧ ತೆಲುಗು. ಇಲಾಖೆಯ ಅಧಿಕಾರಿ, ಕನ್ನಡಕ ಹಾಕಿದ ಒಬ್ಬ ಹೆಂಗಸು, ಮೇಜಿನ ಮುಂದೆ ನೋಟ್‌ಬುಕ್ ಬಿಡಿಸಿಕೊಂಡು ಕುಳಿತಿದ್ದರು. ಮುರುಗೇಂದ್ರಪ್ಪನವರು ತಾವೇ ಹೋಗಿ, "ನಮ್ಮ ಸೆಂಟರ್ ಮೇಲೆ ಒಂದು ಕಣ್ಣಿಡ್ರಿ ಮೇಡಂ" ಎಂದು ಹೇಳಿ ಬಂದರು. ಅವರ ಮನಸ್ಸಿನಲ್ಲಿ ಕಪಟವಿರಲಿಲ್ಲ ಎನ್ನುವುದಕ್ಕೆ ಇದೊಂದೇ ಸಾಕ್ಷಿ. ಮುಂದೆ ಇದನ್ನು ಯಾರೂ ಒಪ್ಪಲಿಲ್ಲ.

ಸೀಟಿ ಊದಿದ್ದೇ ತಡ, ರಾಜಣ್ಣ ಬದಿಯಿಂದ "ಆ ಪೊಡುಗಾಮೆನ ಬಿಡಬೇಡ್ರಿ" ಎಂದು ಕೂಗಿದರು. ಪೊಡುಗಾಮೆ ಎಂದರೆ ಉದ್ದದವಳು. ಮೂರು ಹುಡುಗಿಯರು ಬೋರಕ್ಕನನ್ನು ಸುತ್ತಿಕೊಂಡರು, ಒಬ್ಬಳು ಮುಂದೆ, ಒಬ್ಬಳು ಹಿಂದೆ, ಒಬ್ಬಳು ಪಕ್ಕಕ್ಕೆ. ಬೋರಕ್ಕ ಬಾಲನ್ನು ತಲೆಯ ಮೇಲೆತ್ತಿ ನೋಡಿದಳು. ಎಡಗಡೆ ವಾಣಿಶ್ರೀ ಒಬ್ಬಳೇ ನಿಂತಿದ್ದಳು, ಸುತ್ತ ಎರಡು ಮಾರು ದೂರ ಯಾರೂ ಇರಲಿಲ್ಲ. ಅವಳಿಗೆ ಎಸೆದಳು. ವಾಣಿಶ್ರೀ ಹಿಡಿದಳು, ರಿಂಗನ್ನು ಆಸೆಯಿಂದ ನೋಡಿದಳು, ಕಾನೂನು ನೆನಪಾಯಿತು. ಬಾಲನ್ನು ಬೋರಕ್ಕನಿಗೆ ವಾಪಸ್ ಕೊಟ್ಟಳು. ಬೋರಕ್ಕ ಮತ್ತೆ ಎಸೆದಳು. ವಾಣಿಶ್ರೀ ಮತ್ತೆ ವಾಪಸ್ ಕೊಟ್ಟಳು. ನೆಂಟರ ಮನೆಯಲ್ಲಿ ತಾಂಬೂಲದ ಜೊತೆ ಬಂದ ರವಿಕೆ ಬಟ್ಟೆಯನ್ನು ಬೇಡ ಬೇಡವೆಂದು ಒಬ್ಬರ ಕೈಗೊಬ್ಬರು ತುರುಕುವ ಹಾಗೆ ಬಾಲು ಇಬ್ಬರ ನಡುವೆ ಓಡಾಡಿತು. ಜನ "ಐದು, ಆರು, ಏಳು" ಎಂದು ಎಣಿಸತೊಡಗಿದರು. ರಿಂಗಿಗೆ ಎಸೆಯದೆ ಬಾಲನ್ನು ಬೇಕಾದಷ್ಟು ಹೊತ್ತು ಇಟ್ಟುಕೊಳ್ಳುವಂತಿಲ್ಲ. ಸಮಯ ಮುಗಿದು ಸೀಟಿ ಬಿತ್ತು, ಬಾಲು ಎದುರಿನವರ ಪಾಲಾಯಿತು.

ಅರ್ಧ ಆಟ ಮುಗಿದಾಗ ಮೊಳಕಾಲ್ಮೂರು ಇಪ್ಪತ್ತಾರು, ಚಳ್ಳಕೆರೆ ಒಂಬತ್ತು. ಬೋರಕ್ಕನ ಎರಡೂ ಮುಂಗೈಯಲ್ಲಿ ಉಗುರಿನ ಗೀರುಗಳಿದ್ದವು. ಮುರುಗೇಂದ್ರಪ್ಪನವರು ಧೈರ್ಯದ ಬಗ್ಗೆ ನಾಲ್ಕು ಮಾತಾಡಿ, ಇನ್ನೂ ಹೆಚ್ಚು ಬಾಲನ್ನು ಬೋರಕ್ಕನಿಗೆ ಕೊಡಬೇಕೆಂದು ಮುಗಿಸಿದರು. ಬೋರಕ್ಕ ನೀರು ಕುಡಿಯುತ್ತ ದೀಪಿಕಾಳ ಕಿವಿಯ ಹತ್ತಿರ ಬಾಗಿ, "ನಾನು ಕೊಟ್ರೆ ವಾಪಸ್ ಕೊಡಬ್ಯಾಡ. ಹಾಕು" ಎಂದಳು.

"ಏನದು?" ಎಂದರು ಮುರುಗೇಂದ್ರಪ್ಪ.

"ಏನಿಲ್ಲ ಸಾರ್."

ಆಟ ಮತ್ತೆ ಶುರುವಾಯಿತು. ಮೂವರು ಬೋರಕ್ಕನ ಮೇಲೆ ಬಿದ್ದರು. ಬಾಲು ಅವರ ತಲೆಗಳ ಮೇಲಿಂದ ಹಾರಿ, ಮೂಲೆಯಲ್ಲಿ ನಿಂತಿದ್ದ ದೀಪಿಕಾಳ ಕೈಗೆ ಬಂತು. ದೀಪಿಕಾ ಅಪ್ಪನ ಕಡೆ ನೋಡಲೇ ಇಲ್ಲ. ಎಸೆದಳು. ಬಿತ್ತು.

"ಯಾರು ಹೇಳಿದ್ರು ನಿಂಗೆ ಹಾಕಾಕೆ?" ಎಂದು ಎದ್ದು ನಿಂತು ಬೈದರು. ಎರಡನೆಯದು ಬಿದ್ದಾಗ ಕುಳಿತರು. ಐದನೆಯದು ಬಿದ್ದಾಗ ಎದ್ದು ಚಪ್ಪಾಳೆ ತಟ್ಟಿದರು. ಆಟ ಮುಗಿದಾಗ ಮೊಳಕಾಲ್ಮೂರು ನಲವತ್ತೈದು, ಚಳ್ಳಕೆರೆ ನಲವತ್ತೇಳು. ದೀಪಿಕಾ ಹಾಕಿದ್ದು ಇಪ್ಪತ್ತೇಳು. ಬೋರಕ್ಕ ಹಾಕಿದ್ದು ಒಂಬತ್ತು, ಮಿಕ್ಕದ್ದು ಉಳಿದವರು. ಆ ಇಪ್ಪತ್ತೇಳರಲ್ಲಿ ಪ್ರತಿಯೊಂದು ಬಾಲೂ ಯಾರ ಕೈಯಿಂದ ಬಂದಿತ್ತೆಂದು ಯಾರೂ ಬರೆದುಕೊಳ್ಳಲಿಲ್ಲ. ಕನ್ನಡಕದ ಅಧಿಕಾರಿಯ ನೋಟ್‌ಬುಕ್ಕಿನಲ್ಲಿ ಪಾಯಿಂಟಿಗೆ ಮಾತ್ರ ಕಾಲಂ ಇತ್ತು.

ಹತ್ತು ದಿನಕ್ಕೆ ಪತ್ರ ಬಂತು. ಆಯ್ಕೆಯಾದವಳು ದೀಪಿಕಾ.

ಮೊದಲು ಫೋನ್ ಮಾಡಿದವರು ರಾಜಣ್ಣ. "ಸ್ವಾಮೀ, ನಿಮಗೆ ನಮಸ್ಕಾರ. ಇಪ್ಪತ್ತು ವರ್ಷದಿಂದ ಟೀಮ್ ನೋಡ್ಕೊಂತಿದೀನಿ, ಇಂಥಾ ತೆಲಿವಿ, ಇಂಥಾ ಬುದ್ಧಿ ನೋಡ್ಲಿಲ್ಲ. ಎರಡು ಮ್ಯಾಚು ಎಲ್ಲಾನೂ ಆ ಹುಡುಗಿ ಕೈಲೇ ಹಾಕ್ಸಿ ನಮ್ಮನ್ನ ಹೆದರ್ಸಿದ್ರಿ. ನಾವು ಮೂರು ಜನಾನ ಅವಳ ಮೇಲೆ ಬಿಟ್ವಿ. ಆಮೇಲೆ ಮಗಳ ಕೈಲಿ ಹಾಕ್ಸಿದ್ರಿ. ಆ ಮೇಡಂ ಮುಂದೆ."

"ಹಂಗೇನೂ ಇಲ್ಲ ರಾಜಣ್ಣಾರೆ, ದೇವ್ರಾಣೆ..."

"ನನ್ನ ಹತ್ರ ಯಾಕೆ ಮುಚ್ಚುಮರೆ ಸ್ವಾಮಿ. ನಂಗೂ ಮಗಳಿದಾಳೆ."

ಊರಿನಲ್ಲಿ ಇದೇ ಮಾತು. ಯಾರೂ ಬೈಯಲಿಲ್ಲ. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಎಲ್ಲರೂ ಮೆಚ್ಚಿಕೊಂಡರು. ಹನುಮಂತರಾಯ ಟೀ ಕೊಡುತ್ತ, "ಸಾವ್ಕಾರ್ರು ಬುದ್ಧಿವಂತ್ರು ಅಂತ ಗೊತ್ತಿತ್ತು, ಇಷ್ಟು ಅಂತ ಗೊತ್ತಿರ್ಲಿಲ್ಲ" ಎಂದ. ಆ ದಿನ ಲೋಟವನ್ನು ತೊಳೆದಿರಲಿಲ್ಲ. ಜಯದೇವಪ್ಪನವರಂತೂ ಬಂದು ಬೆನ್ನು ತಟ್ಟಿ, "ಭಾವ, ನಂಗಾದ್ರೂ ಒಂದು ಮಾತು ಮೊದ್ಲೇ ಹೇಳ್ಬಾರ್ದಿತ್ತಾ?" ಎಂದು ಬೇಸರ ಮಾಡಿಕೊಂಡರು.

ಮುರುಗೇಂದ್ರಪ್ಪನವರು ಇಲಾಖೆಯ ಕಚೇರಿಗೆ ಫೋನ್ ಮಾಡಿದರು. "ಮೇಡಂ, ಅವೆಲ್ಲಾ ಬೋರಕ್ಕ ಕೊಟ್ಟ ಬಾಲು. ನನ್ನ ಮಗಳು ಬರೀ ಎಸ್ದಿದ್ದು."

"ಆಟದಲ್ಲಿ ಎಸೆಯೋದೇ ಕೆಲಸ ಅಲ್ವಾ ಸರ್?" ಎಂದರು ಆಕೆ, ಸಮಾಧಾನವಾಗಿಯೇ. "ಇಷ್ಟು ಎತ್ತರ ಇದ್ದೂ ಒಂಬತ್ತೇ ಪಾಯಿಂಟು. ನಾನು ಏನಂತ ಬರೀಲಿ? ಫೈಲ್ ಮೇಲೆ ಹೋಗಿದೆ."

ದೀಪಿಕಾ ಎರಡು ದಿನ ಊಟ ಬಿಟ್ಟಳು. ತಾನು ಹೋಗುವುದಿಲ್ಲವೆಂದು ಪತ್ರ ಬರೆದಿಟ್ಟಳು. ವಿಚಾರಿಸಿದರೆ, ಅವಳು ಬಿಟ್ಟರೆ ಆ ಜಾಗ ಮೊಳಕಾಲ್ಮೂರಿನ ಒಬ್ಬ ಹುಡುಗಿಗೆ ಹೋಗುತ್ತಿತ್ತು. ಪಟ್ಟಿಯಲ್ಲಿ ಬೋರಕ್ಕನ ಹೆಸರು ನಾಲ್ಕನೆಯದು. ಬೋರಕ್ಕನೇ ಫೋನ್ ಮಾಡಿ, "ಸುಮ್ನೆ ಹೋಗು" ಎಂದು ಹೇಳಿದಳಂತೆ.

ಊರವರು ಸನ್ಮಾನ ಇಟ್ಟುಕೊಂಡರು. ಶಾಲು ಹೊದಿಸಿ ಮೈಕು ಕೊಟ್ಟಾಗ ಮುರುಗೇಂದ್ರಪ್ಪನವರು ಗಟ್ಟಿ ಮನಸ್ಸು ಮಾಡಿದರು.

"ನಾನು ಒಂದು ನಿಜ ಹೇಳ್ತೀನಿ. ನಂಗೆ ಈ ಆಟ ಬರಲ್ಲ."

ಸಭೆ ಚಪ್ಪಾಳೆ ತಟ್ಟಿತು.

"ಹಂಗಲ್ಲ. ನಾನು ಯಾವತ್ತೂ ಆಡಿಲ್ಲ. ಆ ಫೋಟೋ, ಒಬ್ಬನಿಗೆ ಜ್ವರ ಬಂದಿತ್ತು ಅಂತ..."

ಚಪ್ಪಾಳೆ ಇನ್ನೂ ಜೋರಾಯಿತು. ಹಿಂದಿನ ಸಾಲಿನಲ್ಲಿ ಯಾರೋ, "ಇಷ್ಟು ಮಾಡಿದ್ರೂ ಒಂಚೂರು ಅಹಂಕಾರ ಇಲ್ಲ ನೋಡ್ರಿ" ಎಂದರು. ಅಧ್ಯಕ್ಷರು ತಮ್ಮ ಭಾಷಣದಲ್ಲಿ ವಿನಯದ ಮೇಲೆ ಹತ್ತು ನಿಮಿಷ ಮಾತಾಡಿದರು.

ಮನೆಗೆ ಬಂದು ಶಾಲನ್ನು ಕುರ್ಚಿಯ ಮೇಲೆ ಹಾಕಿ ಕುಳಿತರು. ಮಂಜುಳಮ್ಮ ಪಕ್ಕದಲ್ಲಿ ಬಂದು ಕುಳಿತರು.

"ನೀನಾದ್ರೂ ನಂಬ್ತೀಯಾ?"

"ನಂಬ್ದೇ ಏನು? ಮದುವೆ ಆಗಿ ಇಪ್ಪತ್ತಾರು ವರ್ಷ ಆತು. ಮಿಲ್ಲಿನ ಬೀಗದ ಕೈ ಎಸೀರಿ ಅಂದ್ರೆ ಬಾವಿಗೆ ಎಸೆದೋರು ನೀವು." ಕುರ್ಚಿಯ ಮೇಲಿನ ಶಾಲನ್ನು ಮಡಿಸುತ್ತ ಹೇಳಿದರು: "ಈ ಮಾತನ್ನ ಮೈಕಿನಾಗೆ ಹೇಳಿ ಏನು ಬಂತು? ಕೇಳ್ಬೇಕಾದೋಳು ಅಲ್ಲಿರ್ಲಿಲ್ಲ."

ಮರುದಿನ ಬೆಳಿಗ್ಗೆ ಸ್ಕೂಟರ್ ತೆಗೆದುಕೊಂಡು ಹಟ್ಟಿಗೆ ಹೋದರು.

ಮುಳ್ಳುಬೇಲಿಯ ಕುರಿರೊಪ್ಪದ ಬಾಯಲ್ಲಿ ಬೋರಕ್ಕ ಕುಕ್ಕರಗಾಲಿನಲ್ಲಿ ಕುಳಿತು, ಒಂದು ಕುರಿಯ ಗೊರಸಿನ ಸಂದಿಯಿಂದ ಮುಳ್ಳು ತೆಗೆಯುತ್ತಿದ್ದಳು. ಕುಳಿತಿದ್ದರಿಂದ ಮೊದಲ ಸಲ ಮುರುಗೇಂದ್ರಪ್ಪನವರು ಅವಳನ್ನು ತಲೆ ತಗ್ಗಿಸಿ ನೋಡಿದರು. ಅದು ಅವರಿಗೆ ಸರಿಬರಲಿಲ್ಲ. ತಾವೂ ಕುಕ್ಕರಗಾಲಿನಲ್ಲಿ ಕುಳಿತರು.

"ಬೋರಕ್ಕ, ನಂಗೆ ಈ ಆಟ ಗೊತ್ತಿಲ್ಲ."

"ಗೊತ್ತು ಸಾರ್."

"ಯಾವಾಗಿಂದ?"

"ಮೊದಲ್ನೇ ದಿನದಿಂದ. ಬಾಲು ಉರುಳ್ಕೊಂಡು ನಿಮ್ಮ ಹತ್ರ ಬಂತು. ನೀವು ಕಾಲಿನಾಗೆ ಒದ್ದು ಕಳಿಸಿದ್ರಿ. ಬ್ಯಾಸ್ಕೆಟ್‌ಬಾಲ್ ಆಡಿದೋರು ಬಾಲಿಗೆ ಕಾಲು ತಾಗಿಸಲ್ಲ."

"ಮತ್ತೆ ಹೇಳ್ಬಾರ್ದಿತ್ತೇನಮ್ಮ?"

"ಹೇಳಾಕೆ ಬಂದಿದ್ದೆ ಸಾರ್" ಎಂದಳು ಬೋರಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. "ಕಾಫಿ ಕೊಟ್ರಿ."

ಮುರುಗೇಂದ್ರಪ್ಪನವರು ಇನ್ನೂ ಹತ್ತಿರ ಸರಿದು ಕುಳಿತರು. "ಅವತ್ತು ಏನು ಹೇಳ್ಬೇಕಂತಿದ್ದೆ, ಈಗ ಹೇಳು."

ಬೋರಕ್ಕ ಕುರಿಯನ್ನು ಬಿಟ್ಟು, ಕೈ ಒರೆಸಿಕೊಂಡು, ಹತ್ತು ಕಲ್ಲು ಆರಿಸಿದಳು. ಐದು ಬಿಳಿಯವು, ಐದು ಕಪ್ಪು. ಮಣ್ಣ ಮೇಲೆ ಇಟ್ಟು ತೋರಿಸಿದಳು. "ಬಾಲು ಮೊದ್ಲು ನಂಗೆ ಬರ್ಲಿ, ಅದು ಸರಿ ಸಾರ್. ನಂಗೆ ಬಂದ ತಕ್ಷಣ ಅವ್ರು ನನ್ನ ಕಡೆ ಓಡಿ ಬರ್ತಾರೆ. ನೋಡ್ರಿ, ಮೂರು ಜನ ಇಲ್ಲಿ ಬಂದ್ರೆ ನಮ್ಮೋರು ನಾಲ್ಕು ಜನಾನ ಕಾಯಾಕೆ ಇಬ್ರೇ. ನಾನು ಹೊರಗೆ ಕೊಟ್ರೆ ಖಾಲಿ ಇರೋರು ಹಾಕ್ಬೇಕು. ಒಂದೆರಡು ಮ್ಯಾಚು ಹಂಗೆ ಹಾಕಿದ್ರೆ ಎದುರಿನೋರಿಗೆ ಭಯ ಬರ್ತದೆ. ಅವ್ರನ್ನ ಬಿಟ್ಟು ನನ್ನ ಹತ್ರ ಮೂರು ಜನ ಬರಾಕೆ ಧೈರ್ಯ ಮಾಡಲ್ಲ. ಒಬ್ಳೇ ಬರ್ತಾಳೆ. ಒಬ್ಳೇ ಬಂದ್ರೆ ನಾನು ಹಾಕ್ತೀನಿ."

ಮುರುಗೇಂದ್ರಪ್ಪನವರು ಕೇಳುತ್ತ ಹೋದರು. ಕಪ್ಪು ಕಲ್ಲನ್ನು ತಾವೇ ಸರಿಸಿ, "ಇವ್ಳು ಇಲ್ಲಿಗೆ ಬಂದ್ರೆ?" ಎಂದರು. ಬೋರಕ್ಕ ಬಿಳಿಯ ಕಲ್ಲು ಸರಿಸಿ ತೋರಿಸಿದಳು. ಇನ್ನೊಂದು ಕೇಳಿದರು, ಮತ್ತೊಂದು ಕೇಳಿದರು. ಜುಂಜಮ್ಮ ಮಜ್ಜಿಗೆ ತಂದಿಟ್ಟು, ಸಾವ್ಕಾರ್ರು ಮಣ್ಣಲ್ಲಿ ಕಲ್ಲಾಡುವುದನ್ನು ನೋಡಿ ಒಳಗೆ ಹೋದಳು. ಮುಕ್ಕಾಲು ಗಂಟೆಯಲ್ಲಿ ಅವರಿಗೆ ಆಟ ಅರ್ಥವಾಯಿತು. ಪೂರ್ತಿ ಅರ್ಥವಾಯಿತು. ಅರ್ಥವಾಗದೇ ಹೋಗಿದ್ದರೆ ಅಂದಿನಿಂದ ಇನ್ನೂ ಸ್ವಲ್ಪ ಸುಖವಾಗಿ ನಿದ್ದೆ ಮಾಡುತ್ತಿದ್ದರು.

"ಹಂಗಾದ್ರೆ ಫೈನಲ್‌ನಾಗೆ..."

"ಮೂವತ್ತು ಹಾಕ್ತಿದ್ದೆ ಸಾರ್." ರೊಪ್ಪದಲ್ಲಿ ಎಷ್ಟು ಕುರಿ ಇವೆ ಎಂದು ಕೇಳಿದರೆ ಹೇಳುವ ಹಾಗೆ ಹೇಳಿದಳು.

"ಮುಂದೆ ಎಲ್ಲಾದ್ರೂ..."

"ಸೆಪ್ಟೆಂಬರ್ ಹತ್ರ ಬಂತಲ್ಲ ಸಾರ್. ಯಾವ್ದಾದ್ರೂ ಶಾಲೇಲಿ ಮಕ್ಕಳಿಗೆ ಆಟ ಕಲಿಸೋ ಕೆಲಸ ಕೇಳ್ತೀನಿ ಅಂತ ಬೊಮ್ಮಲಿಂಗಪ್ಪ ಸಾರ್ ಹೇಳವ್ರೆ. ನೋಡ್ಬೇಕು."

"ನಮ್ಮ ಮಿಲ್ಲಿನಾಗೆ ಬೇಕಾದ್ರೆ..."

"ಬ್ಯಾಡ ಸಾರ್."

ಮಜ್ಜಿಗೆ ಕುಡಿದು ಎದ್ದರು. ಸ್ಕೂಟರಿನವರೆಗೂ ಬೋರಕ್ಕ ಬಂದಳು. ಏನೋ ಯೋಚಿಸಿ ಹೇಳಿದಳು: "ದೀಪಿಕಾಗೆ ಒಂದು ಮಾತು ಹೇಳ್ರಿ ಸಾರ್. ಅಲ್ಲಿ ಅವ್ಳನ್ನ ಯಾರೂ ಒಬ್ಳೇ ಬಿಡಲ್ಲ, ಮುಖದ ಮುಂದೆ ಕೈ ಇರ್ತದೆ. ಎಸೆಯೋವಾಗ ಅವ್ಳು ಎರಡೂ ಕಾಲು ಸಮ ಇಡ್ತಾಳೆ. ಬಲಗಾಲು ನಾಕು ಬೆರಳು ಮುಂದಿಡ್ಬೇಕು. ಇಲ್ಲಾಂದ್ರೆ ಕೈ ನಡುಗ್ತದೆ."

"ಹೇಳ್ತೀನಮ್ಮ" ಎಂದರು. ಸ್ಕೂಟರ್ ಹತ್ತಿದರು.

ನಾಲ್ಕು ಮೈಲಿ ಹೋಗಿದ್ದರು. ದಾರಿಯುದ್ದಕ್ಕೂ ಕಲ್ಲುಗಳೇ ಕಣ್ಣ ಮುಂದೆ. ಊರು ಹತ್ತಿರವಾಗುತ್ತಿದ್ದಂತೆ ಮಗಳಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೇಳಿ ನೋಡಿಕೊಂಡರು. ನಾಲ್ಕು ಬೆರಳು, ಸರಿ. ಮುಂದಿಡಬೇಕು, ಸರಿ. ಯಾವ ಕಾಲು? ಬಲಗಾಲು ಎಂದಳೋ, ಎಡಗಾಲು ಎಂದಳೋ? ಬಲವೆಂದೇ ಅನಿಸಿತು. ಸ್ವಲ್ಪ ದೂರ ಹೋದ ಮೇಲೆ ಎಡವೆಂದು ಅನಿಸಿತು. ಯಾವುದೋ ಒಂದು ಹೇಳಿದರಾಯಿತೆಂದು ಮೊದಲಿನ ಮುರುಗೇಂದ್ರಪ್ಪನವರಾಗಿದ್ದರೆ ಮುಂದೆ ಹೋಗುತ್ತಿದ್ದರು.

ಸ್ಕೂಟರ್ ತಿರುಗಿಸಿದರು.

ಹಟ್ಟಿಯಲ್ಲಿ ಜುಂಜಮ್ಮ ಒಬ್ಬಳೇ ಇದ್ದಳು. "ಏನಾದ್ರೂ ಬಿಟ್ಟೋದ್ರಾ ಸಾವ್ಕಾರ್ರೇ?"

"ಬೋರಕ್ಕ ಎಲ್ಲಿ?"

"ಕಾವಲಿನ ಕಡೆ ಕುರಿ ಹೊಡ್ಕೊಂಡು ಹೋದ್ಲು."

ಕುದಾಪುರದ ಕಡೆ ಹುಲ್ಲುಗಾವಲಿನಲ್ಲಿ ಸರ್ಕಾರದ ಸಂಸ್ಥೆಗಳ ಕಾಂಪೌಂಡು ಎದ್ದ ಮೇಲೆ ಕುರಿಗಳು ಸುತ್ತಿ ಹೋಗಬೇಕು. ಮುರುಗೇಂದ್ರಪ್ಪನವರು ಪಂಚೆ ಎತ್ತಿ ಕಟ್ಟಿ, ಹುಲ್ಲಿನ ಮೇಲೆ ನಡೆದರು. ದೂರದಲ್ಲಿ ಕುರಿಗಳ ನಡುವೆ ಅವಳು ಕಂಡಳು, ಅಷ್ಟು ದೂರದಿಂದಲೂ ಉದ್ದವೇ. ಏದುಸಿರು ಬಿಡುತ್ತ ಹೋಗಿ ಮುಂದೆ ನಿಂತರು.

"ಬೋರಕ್ಕ, ಯಾವ ಕಾಲು ಅಂದೆ?"

ಅವಳು ನಗಲಿಲ್ಲ. ಕೋಲನ್ನು ಕೆಳಗಿಟ್ಟು, ಕಾಲು ಮುಂದಿಟ್ಟು, ಇಲ್ಲದ ಬಾಲನ್ನು ಎರಡೂ ಕೈಯಲ್ಲಿ ಎತ್ತಿ ನಿಂತಳು. ಎದುರು ನಿಂತು ನೋಡಿದರೆ ಎಡ ಬಲ ಅದಲುಬದಲಾಗುತ್ತದೆಂದು ಮುರುಗೇಂದ್ರಪ್ಪನವರಿಗೆ ಭಯವಾಯಿತು. ಸುತ್ತಿ ಬಂದು ಅವಳ ಪಕ್ಕದಲ್ಲಿ ನಿಂತು, ಅವಳ ಪಾದವನ್ನೇ ನೋಡುತ್ತ, ತಮ್ಮ ಬಲಗಾಲನ್ನು ಮೆಲ್ಲಗೆ ಮುಂದಕ್ಕೆ ಸರಿಸಿದರು.

"ಇದಾ?"

"ಅದೇ ಸಾರ್. ಒಂಚೂರು ಹಿಂದೆ."

ಸರಿಸಿದರು. "ಇನ್ನೊಂದ್ಸಲ ತೋರ್ಸಮ್ಮ" ಎಂದರು.